ನಾಲ್ಕು ಬೆರಳು ಗಿಡ್ಡ

ಆ ಕೆಳಗಿನ ಖಾನೆ ಬೇಡ, ನಿಮಿಯಾ.
ಸರಿ, ತೆರೆದೇಬಿಟ್ಟೆಯಲ್ಲ. ಮೊದಲು ಕೈ ಒರೆಸಿಕೋ,
ಚೀಪಾ ತಿಂದ ಬೆರಳಿನ ಜಿಡ್ಡು
ರೇಷ್ಮೆಗೆ ಹತ್ತಿದರೆ ಬಿಡುವುದಿಲ್ಲ.

ಹೌದು, ಅಧ್ಯಕ್ಷರ ಎದೆಪಟ್ಟಿಯೇ.
ಕೆಂಪು, ಬಿಳಿ, ನೀಲಿ; ನಡುವೆ ಜರಿಯ ನಕ್ಷತ್ರ.
ಯಾರೂ ತೊಡದೆ ಹೋದದ್ದು.

ಆ ವರ್ಷ ಎರಡು ಹೊಲಿದೆವು.
ಕಸೂತಿಗೆ ಐದು ತಿಂಗಳು ಬೇಕು, ಎಣಿಕೆಗೆ ಒಂದು ರಾತ್ರಿ ಸಾಕು,
ಇಬ್ಬರ ಅಳತೆಯೂ ಇರಲಿ ಎಂದಿದ್ದರು
ಮುದುಕ ಯಜಮಾನ ಎಲಾದಿಯೊ.
ದನದ ಧಣಿ ತಾನು ಬರಲಿಲ್ಲ, ಹಳೆಯ ಕೋಟು ಕಳಿಸಿದ.
ಬಸಿಲಿಯಾ ಒಹೇದಾ ತಾನೇ ಬಂದಳು,
ಸ್ಕೂಲಿನಿಂದ ನೇರ, ಬಿಳಿ ಮೇಲಂಗಿಯಲ್ಲೇ,
ತೋಳಿನ ಮೇಲೆ ಸೀಮೆಸುಣ್ಣ.
ಟೇಪು ಹಿಡಿದೆ: ಅವನದ್ದಕ್ಕಿಂತ ನಾಲ್ಕು ಬೆರಳು ಗಿಡ್ಡ.
‘ಬಟ್ಟೆ ಉಳಿಯಿತಲ್ಲ, ಖಜಾನೆಗೆ ಲಾಭ’ ಎಂದು
ನಕ್ಕಳು, ನನ್ನ ಲೋಟದಲ್ಲೇ ತೆರೆರೆ ಹೀರಿದಳು.

ಮತದಾನದ ಭಾನುವಾರ
ನಕ್ಷತ್ರದ ಐದನೆಯ ಮೊನೆ ಬಾಕಿ ಇತ್ತು.
ಇದೊಂದು ಮುಗಿಸಿ ಹೋಗುತ್ತೇನೆ, ಇದೊಂದು, ಇದೊಂದು.
ಸೂಜಿಗಣ್ಣಿನಿಂದ ತಲೆ ಎತ್ತಿದಾಗ
ಗಂಟೆ ನಾಲ್ಕೂವರೆ, ಪೆಟ್ಟಿಗೆಗೆ ಅರಗು ಬಿದ್ದಿತ್ತು.
ಅವಳ ಪಟ್ಟಿ ಹೊಲಿಯುತ್ತ ಕೂತು
ಅವಳಿಗೆ ಓಟು ಹಾಕದವಳು ನಾನು.

ಸೋತದ್ದು ಸಾವಿರದ ಒಂಬೈನೂರ ಹನ್ನೊಂದರಿಂದ.
ನನ್ನ ಒಂದು ಓಟು ಏನೂ ಮಾಡುತ್ತಿರಲಿಲ್ಲ, ಗೊತ್ತು.
ಆದರೂ ಈ ನಕ್ಷತ್ರದೊಳಗಿನ ಹೊಲಿಗೆಗಳನ್ನು
ಒಮ್ಮೆ ಎಣಿಸಿದೆ.
ಅದಕ್ಕಿಂತ ಹೆಚ್ಚಿವೆ.

ಆಮೇಲೆ ಶುರುವಾಯಿತು ನನ್ನ ಹುಚ್ಚು.
ದೀಪ ಆರಿಸಿ ಮಲಗಿದರೆ ಸಾಕು,
ಅವಳು ಗೆದ್ದ ದೇಶ ಗೋಡೆಯ ಆಚೆ ಎಚ್ಚರವಾಗುತ್ತದೆ.

ದೊಡ್ಡದೇನಿಲ್ಲ ಅಲ್ಲಿ.
ಸಹೋನಿಯಾದ ಬಸ್ಸು ಅಲ್ಲೂ ತಡ.
ಸೊಳ್ಳೆ ಅಲ್ಲೂ ಪಕ್ಷ ನೋಡದೆ ಕಚ್ಚುತ್ತದೆ.
ನನ್ನ ಗಂಡ ಅಲ್ಲೂ ಬಿಟ್ಟು ಹೋಗುತ್ತಾನೆ,
ಅದಕ್ಕೆ ಯಾವ ಸರ್ಕಾರವೂ ಹೊಣೆಯಲ್ಲ.
ಅವಳ ಮಂತ್ರಿಯೊಬ್ಬ ಸಿಮೆಂಟು ನುಂಗಿ ಸಿಕ್ಕಿಬೀಳುತ್ತಾನೆ,
ಎರಡನೇ ವರ್ಷಕ್ಕೇ ನಾನೂ ಅವಳನ್ನು ಬೈಯತೊಡಗುತ್ತೇನೆ,
ಲಪಾಚೊ ಮರಗಳು ಯಾರ ಅಪ್ಪಣೆಯನ್ನೂ ಕೇಳದೆ
ಆಗಸ್ಟಿನಲ್ಲಿ ಗುಲಾಬಿಯಾಗುತ್ತವೆ.

ಆದರೆ ಚಕರೀತಾದ ತಗ್ಗಿನಲ್ಲಿ, ನದಿದಂಡೆಗೆ,
ಅವಳು ಮಾತು ಕೊಟ್ಟಿದ್ದ ಆಸ್ಪತ್ರೆ ಇದೆ.
ಹನ್ನೆರಡೇ ಮಂಚ. ಹಸಿರು ಬಣ್ಣದ ಕಿಟಕಿ.
ನದಿ ಏರಿ ಜನ ತಗಡಿನ ಗುಡಿಸಲಿಗೆ ಬಂದ ವರ್ಷ
ಏಳನೇ ಮಂಚದಲ್ಲಿ ಒಬ್ಬಳಿಗೆ ಜ್ವರ ಇಳಿಯುತ್ತದೆ,
ಎದ್ದು ಕೂತು ಗಂಜಿ ಕೇಳುತ್ತಾಳೆ,
ಆರು ವರ್ಷದ ಮಗಳ ಜಡೆ

ಹೋಗಲಿ ಬಿಡು. ಆ ಕೆಟಲಿನ ನೀರು ತಣ್ಣಗಿದೆಯೇ ನೋಡು.

ಇಲ್ಲ, ಹೇಳುತ್ತೇನೆ.
ಆ ಮಗಳ ಜಡೆ ಹೆಣೆಯುತ್ತಾಳೆ, ಬಿಗಿಯಾಗಿ,
ಮಗಳು ಕೂಗಿಕೊಳ್ಳುತ್ತದೆ.
ಆ ದೇಶದಲ್ಲಿ ನಿನ್ನ ಅಜ್ಜಿ
ನಿನ್ನ ಕೈ ಹಿಡಿದು ನನ್ನ ಹೊಸ್ತಿಲಿಗೆ ಬರುವುದಿಲ್ಲ.
‘ಗುಂಡಿ ಹಚ್ಚುವುದಾದರೂ ಕಲಿಸಿ’ ಎನ್ನುವುದಿಲ್ಲ.
ಈ ಸ್ಟೂಲು ಖಾಲಿ.
ಸಂಜೆ ನನ್ನ ಸೂಜಿಗೆ ದಾರ ಪೋಣಿಸುವವರಿಲ್ಲ.

ಇದನ್ನೂ ಕೇಳು: ಆ ಸ್ಟೂಲಿನ ಹತ್ತಿರ ಬಂದಾಗ,
ದೇವರು ಕ್ಷಮಿಸಲಿ,
ಓಟುಗಳನ್ನು ಮತ್ತೆ ಮೊದಲಿಂದ ಎಣಿಸಿಬಿಡೋಣ ಅನ್ನಿಸುತ್ತದೆ.

ಹೋದ ಚಳಿಗಾಲ ಬಂದಿದ್ದಳು ಬಸಿಲಿಯಾ,
ನೀನೇ ಬಾಗಿಲು ತೆಗೆದೆ, ಕನ್ನಡಕದ ಮುದುಕಿ,
ಲಂಗದ ಅಂಚು ಮಡಚಲು ಕೊಟ್ಟವಳು.
ಕುಗ್ಗಿದ್ದಾಳೆ. ಈಗ ಅಳೆದರೆ ಆರು ಬೆರಳು ಗಿಡ್ಡ.
ಪಟ್ಟಿ ಏನಾಯಿತೆಂದು ಅವಳು ಕೇಳಲಿಲ್ಲ.
ನಾನು ಹೇಳಲಿಲ್ಲ.
ಕೂಲಿ ಮಾತ್ರ ತೆಗೆದುಕೊಳ್ಳಲಿಲ್ಲ, ಅದಕ್ಕವಳು
ಬಾಗಿಲಲ್ಲಿ ನಿಂತು ಜಗಳವಾಡಿದಳು.

ಇಂಥ ಜರಿ ಈಗ ಪೇಟೆಯಲ್ಲಿ ಸಿಗುವುದಿಲ್ಲ.
ಬೇಕರಿಯವನ ಮೊಮ್ಮಗಳ ಬಿಳಿ ಉಡುಪಿಗೆ
ನಾಳೆಯೊಳಗೆ ಒಂದು ಗೇಣು ಅಂಚು ಹಾಕಬೇಕು.
ಸಣ್ಣ ಕತ್ತರಿ ತಾ. ಬಾಲದ ಕಡೆಯಿಂದ ಬಿಚ್ಚು,
ಎಳೆ ತುಂಡಾಗದ ಹಾಗೆ, ಮೆಲ್ಲಗೆ.
ನಕ್ಷತ್ರ ಬೇಡ.
ಅದು ಇನ್ನಷ್ಟು ದಿನ ಇರಲಿ.